ಗಾಲಿಯ ಮೇಲಿನ ಬಚ್ಚಲು

ಮನೆಯುಳ್ಳವರು ಸ್ನಾನವನ್ನು ಒಂದು ಕೆಲಸವೆಂದು ಎಣಿಸುವುದೇ ಇಲ್ಲ. ನಸುಕಿನಲ್ಲಿ ಹಂಡೆಯ ನೀರು ಕಾಯುತ್ತದೆ, ಬಚ್ಚಲಿನ ಅಗಳಿ ಬೀಳುತ್ತದೆ, ಒಗೆದ ಬಟ್ಟೆ ಗೂಟಕ್ಕೆ ತೂಗುತ್ತಿರುತ್ತದೆ. ನೀರು, ಅಗಳಿ, ಒಣಬಟ್ಟೆ ಇವುಗಳಲ್ಲಿ ಒಂದು ತಪ್ಪಿದರೂ ಮೀಯುವುದು ಎಷ್ಟು ಕಠಿಣವೆಂಬುದು ಬಸ್ ನಿಲ್ದಾಣದ ಕಟ್ಟೆಯ ಮೇಲೆ, ರೈಲ್ವೆ ಸೇತುವೆಯ ಕೆಳಗೆ, ಗುಡಿಯ ಪೌಳಿಯಲ್ಲಿ ಇರುಳು ಕಳೆಯುವವರಿಗೆ ಗೊತ್ತು. ಗಂಡಸಾದವನು ಬೀದಿಯ ನಳದ ಕೆಳಗೆ ಹೇಗೋ ಮೈಮೇಲೆ ನಾಲ್ಕು ತಂಬಿಗೆ ಸುರಿದುಕೊಂಡಾನು. ಹೆಂಗಸು ಕತ್ತಲಾಗುವವರೆಗೆ ಕಾಯಬೇಕು. ಕತ್ತಲಾದ ಮೇಲೆ ಆ ಕತ್ತಲಿಗೇ ಅಂಜಬೇಕು. ಇರುವುದು ಉಟ್ಟ ಸೀರೆಯೊಂದೇ ಆದರೆ ಅದನ್ನು ಒಗೆದು ಹಾಕಿ, ಒಣಗುವ ತನಕ ಏನನ್ನು ಉಡಬೇಕು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸೂರಿಲ್ಲದವರು 17 ಲಕ್ಷಕ್ಕೂ ಹೆಚ್ಚು. ಮಹಾರಾಷ್ಟ್ರವೊಂದರಲ್ಲಿಯೇ 2 ಲಕ್ಷಕ್ಕೂ ಹೆಚ್ಚು. ಈ ಜನರ ಮೈಮೇಲಿನ ಕೊಳೆಗೆ ಈ ರಾಜ್ಯದಲ್ಲಿ ಕಾನೂನಿನ ಬೆಲೆಯೂ ಉಂಟು. 1959ರ ಮುಂಬಯಿ ಭಿಕ್ಷಾಟನೆ ನಿರೋಧ ಕಾಯ್ದೆಯು ಕೈಚಾಚಿ ಬೇಡುವುದನ್ನಷ್ಟೇ ಭಿಕ್ಷಾಟನೆಯೆಂದು ಕರೆದು ಸುಮ್ಮನಾಗಿಲ್ಲ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದವನು ಭಿಕ್ಷೆಯಿಂದಲೇ ಬದುಕುತ್ತಿರಬಹುದೆಂದು ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆದರೂ ಅದು ಭಿಕ್ಷಾಟನೆಯೇ. ತೋರುವುದು ಯಾರ ಕಣ್ಣಿಗೆ? ಹಿಡಿಯಲು ಬಂದವನ ಕಣ್ಣಿಗೆ. ಜಡೆಗಟ್ಟಿದ ತಲೆ, ಮಾಸಿದ ಅಂಗಿ, ಹತ್ತಿರ ಸುಳಿದರೆ ಬರುವ ವಾಸನೆ ಇವೇ ಸಾಕ್ಷಿಗಳು. ದಿಲ್ಲಿಯ ಮಟ್ಟಿಗೆ ಅಲ್ಲಿಯ ಉಚ್ಚ ನ್ಯಾಯಾಲಯವು ಭಿಕ್ಷಾಟನೆಯನ್ನು ಅಪರಾಧವಾಗಿಸುವ ಕಲಮುಗಳನ್ನು 2018ರಲ್ಲಿ ರದ್ದುಗೊಳಿಸಿತು. ಹೀಗಿರುವಾಗ ಒಂದು ಸ್ನಾನವೆಂದರೆ ಕೇವಲ ಮೈಯ ಸುಖವಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೇಳಲು, ದವಾಖಾನೆಯ ಸಾಲಿನಲ್ಲಿ ನಿಲ್ಲಲು, ಪೋಲೀಸನ ಮುಂದೆ ಹಾದುಹೋಗಲು ಬೇಕಾದ ರಹದಾರಿ.

ಈ ಮಾತು ರೋಮಿನಲ್ಲಿ ಒಬ್ಬ ಬೀದಿವಾಸಿಯ ಬಾಯಿಂದ ನೇರವಾಗಿ ಹೊರಬಿತ್ತು. ಪೋಪ್ ಫ್ರಾನ್ಸಿಸ್ ಅವರ ದಾನಧರ್ಮದ ಅಧಿಕಾರಿ ಕೊನ್ರಾಡ್ ಕ್ರಯೆವ್‌ಸ್ಕಿಯವರು ಅವನ ಹುಟ್ಟುಹಬ್ಬವೆಂದು ತಿಳಿದು ಊಟಕ್ಕೆ ಕರೆದರೆ, ತನ್ನ ಮೈ ನಾರುತ್ತಿದೆ, ಬರಲಾರೆ ಎಂದನಂತೆ. ರೋಮಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ, ತೊಳೆದುಕೊಳ್ಳಲು ಮಾತ್ರ ಜಾಗವಿಲ್ಲ ಎಂಬುದು ಅವನ ದೂರು. 2015ರ ಆರಂಭದಲ್ಲಿ ಸಂತ ಪೀಟರರ ಚೌಕದ ಕಂಬಸಾಲಿನ ಬಳಿ ಸ್ನಾನದ ಕೋಣೆಗಳು ತೆರೆದವು. ಸೋಮವಾರಗಳಂದು ಕ್ಷೌರಿಕರೂ ಬಂದರು. ಸೋಮವಾರವೇ ಏಕೆಂದರೆ ಅಂದು ರೋಮಿನ ಕ್ಷೌರದಂಗಡಿಗಳಿಗೆ ರಜೆ. ರಜೆಯ ದಿನ ಕತ್ತರಿ ಹಿಡಿದು ಬಂದ ಆ ಕ್ಷೌರಿಕರ ಔದಾರ್ಯ ಕಟ್ಟಡ ಕಟ್ಟಿಸಿದವರ ಔದಾರ್ಯಕ್ಕಿಂತ ಒಂದು ತೂಕ ಹೆಚ್ಚೆನ್ನಬೇಕು.

ಆದರೆ ಕಟ್ಟಡ ಒಂದೇ ಕಡೆ ನಿಲ್ಲುತ್ತದೆ, ಬೀದಿಯವರು ನಿಲ್ಲುವುದಿಲ್ಲ. ತಮ್ಮ ಗಂಟುಮೂಟೆ ಬಿಟ್ಟು ಊರ ಇನ್ನೊಂದು ಮೂಲೆಗೆ ಹೋದರೆ ಹಿಂದಿರುಗುವಷ್ಟರಲ್ಲಿ ಗಂಟು ಇರುವುದಿಲ್ಲ. ಈ ತೊಡಕನ್ನು ಬಿಡಿಸಿದ ಊರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ತಾನೆಂದಿಗೂ ಶುಚಿಯಾಗಲಾರೆನೆಂದು ಬೀದಿಯ ಹೆಣ್ಣೊಬ್ಬಳು ಹಲುಬುತ್ತಿದ್ದುದು ಡೊನೀಸ್ ಸ್ಯಾಂಡೊವಲ್ ಎಂಬವರ ಕಿವಿಗೆ ಬಿತ್ತು. ಅವರು ಕಟ್ಟಿದ ಸಂಸ್ಥೆಯ ಹೆಸರು ‘ಲಾವಾ ಮೇ’. ‘ನನ್ನನ್ನು ತೊಳೆ’ ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ ಬಂದದ್ದು. ನಗರ ಸಾರಿಗೆಯವರು ಬದಿಗಿಟ್ಟ ಹಳೆಯ ಬಸ್ಸನ್ನು ಪಡೆದು, ಆಸನ ಕಿತ್ತು, ಒಳಗೆ ಎರಡು ಕೋಣೆ ಮಾಡಿ, ಪ್ರತಿ ಕೋಣೆಗೆ ಸ್ನಾನ, ಶೌಚ, ಕೈತೊಳೆಯುವ ತೊಟ್ಟಿ ಇಟ್ಟು 2014ರಲ್ಲಿ ಬೀದಿಗಿಳಿಸಿದರು. ನೀರು ಎಲ್ಲಿಂದ? ಬೆಂಕಿ ಆರಿಸಲು ಬೀದಿಬೀದಿಗೆ ಇರುವ ನಳಗಳಿಂದ, ನಗರದ ಅನುಮತಿ ಪಡೆದು. ಮುಂದೆ ಬಸ್ಸಿಗಿಂತ ಎಳೆದೊಯ್ಯುವ ಟ್ರೇಲರುಗಳೇ ಅಗ್ಗವೂ ಸುಲಭವೂ ಎಂದು ಕಂಡುಕೊಂಡರು.

ಇಲ್ಲಿ ಗಣಿತವನ್ನು ಮರೆಯಬಾರದು. ಒಬ್ಬರಿಗೆ ಇಪ್ಪತ್ತು ನಿಮಿಷವೆಂದರೆ ಎರಡು ಕೋಣೆಗಳಲ್ಲಿ ತಾಸಿಗೆ ಆರು ಜನ, ಆರು ತಾಸಿಗೆ ಮೂವತ್ತಾರು. ಒಂದು ಮಹಾನಗರಕ್ಕೆ ಇದು ಸಾಗರದ ಎದುರಿನ ತಂಬಿಗೆ. ಮೊದಲು ಮನೆ ಕೊಡಿ, ಆಮೇಲೆ ಬಚ್ಚಲು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳಂತೆ ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದರಂತೆ ಹಗಲಿರುಳು ತೆರೆದಿರುವ ಆಸರೆಮನೆ ಇರಬೇಕು. ಅದಾದರೆ ಗಾಲಿಯ ಬಚ್ಚಲಿನ ಅಗತ್ಯ ತಾನಾಗಿ ತಗ್ಗುತ್ತದೆ. ಆದರೆ ಆಸರೆಮನೆಯ ಕಡತ ಮೇಜಿನಿಂದ ಮೇಜಿಗೆ ನಡೆಯುವ ವರ್ಷಗಳಲ್ಲಿ ಮೈ ಬೆವರುವುದನ್ನು ನಿಲ್ಲಿಸುವುದಿಲ್ಲ, ತಿಂಗಳ ಮುಟ್ಟು ತಪ್ಪುವುದಿಲ್ಲ, ತುರಿಕಜ್ಜಿ ಕಾಯುವುದಿಲ್ಲ.

ಮಿಂದ ಮೈಗೆ ಅದೇ ಹೊಲಸು ಬಟ್ಟೆ ಏರಿಸಿದರೆ ಮಿಂದೂ ಮೀಯದಂತೆ. ಆಸ್ಟ್ರೇಲಿಯದ ಬ್ರಿಸ್ಬೇನಿನ ಇಬ್ಬರು ಇಪ್ಪತ್ತರ ಹುಡುಗರು, ಲ್ಯೂಕಸ್ ಪ್ಯಾಚೆಟ್ ಮತ್ತು ನಿಕ್ ಮಾರ್ಕೇಸಿ, 2014ರಲ್ಲಿ ಹಳೆಯ ವ್ಯಾನಿನೊಳಗೆ ಬಟ್ಟೆ ತೊಳೆಯುವ, ಒಣಗಿಸುವ ಯಂತ್ರಗಳನ್ನು ಕೂರಿಸಿ ‘ಆರೆಂಜ್ ಸ್ಕೈ’ ಎಂದು ಹೆಸರಿಟ್ಟು ಹೊರಟದ್ದು ಇದಕ್ಕೇ. ಬಟ್ಟೆ ಒಣಗಲು ತಾಸು ಬೇಕು. ಅಷ್ಟು ಹೊತ್ತು ವ್ಯಾನಿನ ಪಕ್ಕದಲ್ಲಿ ಹಾಕಿದ ಕಿತ್ತಳೆ ಬಣ್ಣದ ಕುರ್ಚಿಗಳ ಮೇಲೆ ಕುಳಿತು ಮಾತು. ದಿನಗಟ್ಟಲೆ ಯಾರೂ ಮಾತಾಡಿಸದವನಿಗೆ ಆ ತಾಸೇ ದೊಡ್ಡದಾಯಿತೆಂದು ಅವರು ಕಂಡುಕೊಂಡರು.

ಸ್ಯಾನ್ ಫ್ರಾನ್ಸಿಸ್ಕೊದ ಬಸ್ಸು ಸೊಲ್ಲಾಪುರ ಸೀಮೆಗೆ ತೋರುವಷ್ಟು ದೂರದ್ದಲ್ಲ. ಪುಣೆಯ ಉಲ್ಕಾ ಸಾದಲ್ಕರ್ ಮತ್ತು ರಾಜೀವ ಖೇರ್ ಅವರು ಅಲ್ಲಿಯ ಯೋಜನೆಯಿಂದಲೇ ಪ್ರೇರಣೆ ಪಡೆದು, 2016ರಿಂದ ಪುಣೆಯ ಗುಜರಿ ಬಸ್ಸುಗಳನ್ನು ಹೆಂಗಸರ ಶೌಚಾಲಯಗಳನ್ನಾಗಿ ಮಾಡಿದರು. ಹೆಸರು ‘ತೀ’, ಮರಾಠಿಯಲ್ಲಿ ‘ಅವಳು’. ಚಾವಣಿಯ ಮೇಲೆ ಸೌರಫಲಕ, ಒಳಗೆ ನೋಡಿಕೊಳ್ಳುವ ಹೆಂಗಸು, ಬಳಕೆಗೆ ಐದು ರೂಪಾಯಿ. ಬೀದಿವಾಸಿಗಳಿಗೆಂದು ಹುಟ್ಟಿದ ಕಲ್ಪನೆ ಪುಣೆಗೆ ಬರುವಾಗ ಪೇಟೆಗೆ ಬರುವ ಎಲ್ಲ ಹೆಂಗಸರದಾಯಿತು, ಒಳ್ಳೆಯದೇ. ಆದರೆ ಐದು ರೂಪಾಯಿ ಇಲ್ಲದವಳು ಮತ್ತೆ ಹೊರಗೇ ಉಳಿದಳು.

ಗಾಲಿಯ ಮೇಲೆ ಶೌಚಾಲಯ ಒಯ್ಯುವುದು ಈ ಭಾಗಕ್ಕೆ ಹೊಸತೂ ಅಲ್ಲ. ಆಷಾಢದಲ್ಲಿ ಪಂಢರಪುರದ ವಾರಿಗೆ ಲಕ್ಷಾಂತರ ಜನ ನಡೆಯುವ ದಾರಿಯುದ್ದಕ್ಕೂ ಸಂಚಾರಿ ಶೌಚಾಲಯಗಳೂ ನೀರಿನ ಟ್ಯಾಂಕರುಗಳೂ ಬರುತ್ತವೆ. ಏಕಾದಶಿ ಕಳೆಯಿತೆಂದರೆ ಅವು ಹಿಂದಿರುಗುತ್ತವೆ. ವರ್ಷವಿಡೀ ಗುಡಿಯ ಮುಂದೆಯೇ ಇರುವವರು ಅಲ್ಲಿಯೇ ಇರುತ್ತಾರೆ. ಊರೂರಿನ ಬೀದಿ ಗುಡಿಸಿದ ಗಾಡಗೇ ಬಾಬಾ ಅದೇ ಪಂಢರಪುರದಲ್ಲಿ ಧರ್ಮಶಾಲೆಯನ್ನೂ ಕಟ್ಟಿಸಿದರು. ಸರಕಾರದ ಗ್ರಾಮಸ್ವಚ್ಛತಾ ಅಭಿಯಾನಕ್ಕೆ ಅವರ ಹೆಸರು ಬಂತು; ಎಲ್ಲರಿಗೂ ಅವರ ಕಸಬರಿಗೆ ನೆನಪಿದೆ, ಧರ್ಮಶಾಲೆ ಅಷ್ಟಾಗಿ ಇಲ್ಲ.

ಸೊಲ್ಲಾಪುರದಲ್ಲಿ ಮೊದಲು ಬರುವ ಆಕ್ಷೇಪ ನೀರಿನದು. ನಾಲ್ಕಾರು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಅಲೆಮಾರಿಗಳಿಗೆ ಸ್ನಾನವೇ? ಒಬ್ಬರಿಗೆ ಎರಡು ಬಕೀಟು, ಅಂದರೆ ಮೂವತ್ತು ಲೀಟರ್ ಹಿಡಿದರೂ ಐದು ಸಾವಿರ ಲೀಟರಿನ ಒಂದು ಟ್ಯಾಂಕರು ನೂರಾ ಅರವತ್ತಕ್ಕೂ ಹೆಚ್ಚು ಜನರನ್ನು ಮೀಯಿಸುತ್ತದೆ. ವಾರಕ್ಕೊಂದು ಟ್ಯಾಂಕರು, ಗುಜರಿಗೆ ಹೊರಟ ಒಂದು ಎಸ್‌ಟಿ ಬಸ್ಸು, ಕೊಳೆನೀರನ್ನು ಗಟಾರಕ್ಕೆ ಬಿಡದೆ ಒಳಚರಂಡಿಗೆ ಸೇರಿಸುವ ಕೊಳವೆ. ಮಹಾನಗರಪಾಲಿಕೆಗೆ ಇದು ಭಾರವಲ್ಲ. ಅಕ್ಕಲಕೋಟೆಯಲ್ಲಿ ಅನ್ನಛತ್ರಕ್ಕೆ ದಾನ ಕೊಡುವ ಭಕ್ತರಲ್ಲಿ ಕೆಲವರು ಸಾಬೂನು, ಟವೆಲು, ಒಂದು ಜೊತೆ ಒಗೆದ ಬಟ್ಟೆಯ ಹೊಣೆ ಹೊತ್ತಾರು.

ಹಣಕ್ಕಿಂತ ಬಿಗಿಯಾಗಿ ಹಿಡಿಯಬೇಕಾದದ್ದು ವೇಳೆಯನ್ನು. ಬಸ್ಸು ಇಂಥ ವಾರ, ಇಂಥ ತಾಸು, ಇಂಥ ಕಡೆ ಎಂದರೆ ಅಲ್ಲಿಯೇ ಇರಬೇಕು. ಕೈಗಡಿಯಾರವಿಲ್ಲದವರು ಅದರ ಮೇಲೆ ದಿನವನ್ನೇ ಹೊಂದಿಸಿಕೊಂಡಿರುತ್ತಾರೆ. ಉದ್ಘಾಟನೆಯ ರಿಬ್ಬನ್ನು, ಒಳಗಿನಿಂದ ಮಿಂದು ಬಂದವರ ಛಾಯಾಚಿತ್ರ ಎರಡೂ ಬೇಡ. ಹೆಂಗಸರ ಸರದಿಯಲ್ಲಿ ಕೀಲಿಕೈ ಹೆಂಗಸಿನ ಬಳಿಯಿರಲಿ, ಅಗಳಿ ಒಳಗಡೆಯಿರಲಿ.