ಹುಲ್ಲಿನ ಸಾಧುಜೀವಿಯೂ ದನಗಳ ಕ್ಷಯಪರೀಕ್ಷೆಯೂ

ದನಗಳ ಕ್ಷಯರೋಗವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಗ್ರಾಮಗಳಲ್ಲಿ ಕಳವಳವುಂಟಾಗುವುದು ಸಹಜ. ಆದರೆ ಒಂದೇ ಗುರುತನ್ನು ನಂಬಿ, ಹಾಲು ಕರೆಯುವ ಹಸುವನ್ನು ರೋಗಿಯೆಂದು ನಿರ್ಣಯಿಸಿ ಹಟ್ಟಿಯಿಂದ ಹೊರಡಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣವನ್ನು ಗ್ರಾಮಮುಖ್ಯಸ್ಥರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ.

ಕ್ಷಯದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬಾತನು 1882ರಲ್ಲಿ ಕಂಡುಹಿಡಿದನು. ಅದರ ಮೇಣದಂತಹ ಹೊದಿಕೆಯು ಒಮ್ಮೆ ಹಿಡಿದ ಕೆಂಪು ಬಣ್ಣವನ್ನು ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಆದರೆ 1898ರಲ್ಲಿ ಮೊಲ್ಲರ್ ಎಂಬ ವಿದ್ವಾಂಸನು ತಿಮೋಥಿ ಎಂಬ ಯೂರೋಪಿನ ಮೇವಿನ ಹುಲ್ಲಿನಲ್ಲಿ, ಇದೇ ರೀತಿ ಬಣ್ಣ ಹಿಡಿಯುವ ಬೇರೊಂದು ಜೀವಿಯನ್ನು ತೋರಿಸಿದನು. ಮೈಕೋಬ್ಯಾಕ್ಟೀರಿಯಂ ಫ್ಲೇಯಿ ಎಂದು ಅದರ ಹೆಸರು. ಹುಲ್ಲು, ಮಣ್ಣುಗಳಲ್ಲಿ ವಾಸಿಸುವ ಇದು ಸಾಮಾನ್ಯವಾಗಿ ಮನುಷ್ಯರಿಗಾಗಲಿ ದನಗಳಿಗಾಗಲಿ ಕೇಡು ಮಾಡದು. ಕ್ಷಯದ ಜೀವಿಯು ಪ್ರಯೋಗಶಾಲೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ಹಲವು ವಾರಗಳು ಬೇಕು. ಇದಾದರೋ ಒಂದು ವಾರದೊಳಗಾಗಿಯೇ ಹಳದಿ ಬಣ್ಣದಿಂದ ಬೆಳೆದು ನಿಲ್ಲುವುದು. 52 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ಇದು ಬೆಳೆಯಬಲ್ಲುದು.

ಮಣ್ಣು ನೀರುಗಳಲ್ಲಿ ಈ ಕುಲದ ನಿರುಪದ್ರವಿ ಜೀವಿಗಳು ಇನ್ನೂ ಅನೇಕವಿವೆ. ಇವುಗಳ ಸಂಪರ್ಕವಾದ ಆರೋಗ್ಯವಂತ ಹಸುವಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿದರೆ ಅದರ ಚರ್ಮವೂ ಊದಿಕೊಳ್ಳಬಹುದು. ಆದಕಾರಣವೇ ಪಶುವೈದ್ಯರು ತುಲನಾತ್ಮಕ ಪರೀಕ್ಷೆಯನ್ನು ಮಾಡುವರು. ಕತ್ತಿನ ಒಂದು ಸ್ಥಳದಲ್ಲಿ ದನದ ಕ್ಷಯಜೀವಿಯಿಂದ ತಯಾರಿಸಿದ ಮದ್ದನ್ನೂ, ಇನ್ನೊಂದು ಸ್ಥಳದಲ್ಲಿ ಪಕ್ಷಿಯ ಕ್ಷಯಜೀವಿಯಿಂದ ತಯಾರಿಸಿದ ಮದ್ದನ್ನೂ ಚುಚ್ಚಿ, 72 ಗಂಟೆಗಳ ತರುವಾಯ ಎರಡು ಊತಗಳನ್ನೂ ಅಳೆಯುವರು. ಮೊದಲನೆಯದೇ ಸ್ಪಷ್ಟವಾಗಿ ಹೆಚ್ಚಾಗಿದ್ದರೆ ರೋಗದ ಶಂಕೆಯು ಬಲವಾಗುವುದು. ಎರಡನೆಯದೇ ಹೆಚ್ಚಾಗಿದ್ದರೆ ಅನ್ಯಜೀವಿಗಳ ಸಂಪರ್ಕವೆಂದು ಊಹಿಸಬಹುದು.

"ಸಂಶಯದ ದನವನ್ನು ಸಂತೆಯಲ್ಲಿ ಮಾರಿಬಿಟ್ಟರೆ ಪೀಡೆ ಕಳೆಯಿತು" ಎನ್ನುವವರುಂಟು. ಇದು ಸರಿಯಲ್ಲ. ದನಕ್ಕೆ ರೋಗವಿಲ್ಲದಿದ್ದರೆ ಯಜಮಾನನಿಗೆ ವ್ಯರ್ಥ ನಷ್ಟ. ರೋಗವಿದ್ದರೆ ಮತ್ತೊಬ್ಬನ ಹಟ್ಟಿಗೆ ವಿಪತ್ತನ್ನು ಕಳುಹಿಸಿದಂತಾಯಿತು. ಆದ್ದರಿಂದ ಸಂಶಯ ಬಂದ ದನವನ್ನು ಮಾರದೆ, ಬೇರೆಯಾಗಿ ಕಟ್ಟಿ, ಬೇರೆ ತೊಟ್ಟಿಯಲ್ಲಿ ಮೇವು ನೀರು ಕೊಟ್ಟು, ಪಶುವೈದ್ಯರಿಗೆ ತಿಳಿಸತಕ್ಕದ್ದು. ಎಲ್ಲ ದನಗಳ ಹಾಲನ್ನೂ ಚೆನ್ನಾಗಿ ಕಾಯಿಸಿಯೇ ಕುಡಿಯತಕ್ಕದ್ದು. ಊರಿನ ಪ್ರಮುಖರು ತಮ್ಮ ಹಟ್ಟಿಯಲ್ಲಿಯೇ ಇದನ್ನು ಮೊದಲು ಆಚರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.