ಮಕ್ಕಳು ತಾವೇ ಬಡಿಸಿಕೊಳ್ಳಲಿ

ನಮ್ಮಲ್ಲಿ ಅತಿಥಿಸತ್ಕಾರವೆಂದರೆ ಬಡಿಸುವುದು. ಎಲೆಯ ಮುಂದೆ ಕುಳಿತವರು ಸಾಕೆಂದು ಕೈ ಅಡ್ಡ ಹಿಡಿದರೂ ಆ ಕೈಯ ಸಂದಿನಿಂದ ಇನ್ನೊಂದು ಹೋಳಿಗೆಯನ್ನು ಜಾರಿಸಿದ ಹೊರತು ಮನೆಯವರಿಗೆ ತೃಪ್ತಿಯಿಲ್ಲ. ದೊಡ್ಡವರು ಈ ಉಪಚಾರವನ್ನು ಹೇಗೋ ತಾಳಿಕೊಳ್ಳುತ್ತಾರೆ. ಮಕ್ಕಳ ಪಾಡೇನು? ಬೇಕಾದುದನ್ನು ಕೇಳಿದರೆ ಹೊಟ್ಟೆಬಾಕನೆನ್ನುತ್ತೇವೆ. ಬೇಡವಾದುದನ್ನು ಬಿಟ್ಟರೆ ಅನ್ನದ ಬೆಲೆ ತಿಳಿಯದವನೆನ್ನುತ್ತೇವೆ. ತನಗೆ ಎಷ್ಟು ಬೇಕೆಂಬುದನ್ನು ಅಳೆದುಕೊಳ್ಳುವ ಅವಕಾಶವನ್ನು ಮಾತ್ರ ಕೊಡುವುದಿಲ್ಲ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಕಳೆದ ಬೇಸಗೆಯಲ್ಲಿ, ಮೊಮ್ಮಗಳ ಹುಟ್ಟುಹಬ್ಬದ ದಿನ. 14 ಮಕ್ಕಳು ಬರುವವರಿದ್ದರು. ಬಡಿಸುವ ಕೈಗಳು ಸಾಲದಾಗಿದ್ದವು. ಆದುದರಿಂದ ಮಕ್ಕಳೇ ಬಡಿಸಿಕೊಳ್ಳಲಿ ಎಂದು ತೀರ್ಮಾನಿಸಿದೆವು. ಜಗುಲಿಯಲ್ಲಿ ಮಕ್ಕಳ ಮೊಣಕೈಯೆತ್ತರದ ಎರಡು ಬೆಂಚುಗಳನ್ನು ಇರಿಸಿದೆವು. ಒಂದರ ಮೇಲೆ ತಟ್ಟೆಗಳು, ನೆಲ್ಲಿಕಾಯಿ ಗಾತ್ರದ ರವೆ ಉಂಡೆ, ಸಣ್ಣಗೆ ಕೊಯ್ದ ಕೊಬ್ಬರಿ ಮಿಠಾಯಿ, ಪುಟ್ಟ ಬಟ್ಟಲುಗಳಲ್ಲಿ ಬಾಳೆಹಣ್ಣಿನ ರಸಾಯನ. ನೂಕುನುಗ್ಗಲಾಗದಿರಲೆಂದು ಪಾನೀಯಗಳ ಬೆಂಚನ್ನು ಜಗುಲಿಯ ಇನ್ನೊಂದು ತುದಿಗೆ ಹಾಕಿದೆವು. ಅದರ ಮೇಲೆ ಬೆಲ್ಲ, ಏಲಕ್ಕಿ, ಶುಂಠಿ, ನಿಂಬೆರಸದ ಪಾನಕ, ನೀರುಮಜ್ಜಿಗೆ, ಬರಿಯ ನೀರು. ಎಳೆಯ ಕೈಗಳಿಗೆ ಭಾರವಾಗದಂತೆ ಜಗ್ಗುಗಳನ್ನು ಅರ್ಧದಷ್ಟೇ ತುಂಬಿದ್ದೆವು. ಯಾವ ಮಗುವಿಗೆ ಏನು ಒಗ್ಗದೆಂಬುದನ್ನು ತಾಯಂದಿರಿಂದ ಮೊದಲೇ ಕೇಳಿ ತಿಳಿದು, ಶೇಂಗಾವನ್ನು ದೂರವಿಟ್ಟಿದ್ದೆವು. ನೆಲ ಒರೆಸುವ ಬಟ್ಟೆಯೂ ಸಿದ್ಧವಾಗಿತ್ತು.

ಏರ್ಪಾಟನ್ನು ಕಂಡ ನೆರೆಮನೆಯ ಹಿರಿಯರು, "ಸ್ವಾಮಿ, ಮೊದಲು ಬಂದ ನಾಲ್ವರೇ ಎಲ್ಲವನ್ನೂ ಮುಗಿಸಿಬಿಡುತ್ತಾರೆ, ನೋಡುತ್ತಿರಿ" ಎಂದರು. ಆ ಭಯ ನನಗೂ ಇತ್ತು. ಮೊದಲ ಐದು ನಿಮಿಷ ಅವರ ಮಾತೇ ನಿಜವಾಗುವಂತೆ ತೋರಿತು. ತಟ್ಟೆಗಳ ಮೇಲೆ ಗೋಪುರಗಳೆದ್ದವು. ಆದರೆ ಇನ್ನೂ ಇದೆ, ಮತ್ತೆ ಬರಬಹುದು ಎಂಬುದು ಖಾತ್ರಿಯಾದ ಮೇಲೆ, ಎರಡನೆಯ ಸಲ ಬಂದವರು ಒಂದೆರಡು ಚೂರುಗಳನ್ನಷ್ಟೇ ತೆಗೆದುಕೊಂಡರು. ಮಕ್ಕಳು ಬಾಚಿಕೊಳ್ಳುವುದಕ್ಕೆ ಆಸೆಗಿಂತಲೂ, ಸಿಕ್ಕದೆ ಹೋದೀತೆಂಬ ಅಂಜಿಕೆಯೇ ಹೆಚ್ಚಿನ ಕಾರಣವೆಂದು ಅಂದು ನನಗೆ ಅನಿಸಿತು.

ಹಾಗೆಂದು ಎಲ್ಲವನ್ನೂ ಮಕ್ಕಳ ಇಚ್ಛೆಗೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯರು 1926ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಆಗತಾನೆ ಹಾಲು ಬಿಟ್ಟ 15 ಶಿಶುಗಳಿಗೆ, 34 ಸಾದಾ ಆಹಾರಗಳ ಪಟ್ಟಿಯಿಂದ ಮುಂದಿಟ್ಟುದರಲ್ಲಿ ತಮಗೆ ಬೇಕಾದುದನ್ನು ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. ಶಿಶುಗಳು ಚೆನ್ನಾಗಿ ಬೆಳೆದವು. ಆದರೆ ಇದರ ಗುಟ್ಟು ಆಹಾರದ ಪಟ್ಟಿಯಲ್ಲಿಯೇ ಇತ್ತೆಂದು ಅವರು 1939ರ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಆ ಪಟ್ಟಿಯಲ್ಲಿ ಸಕ್ಕರೆಯಿರಲಿಲ್ಲ. ಹಬ್ಬದ ಬೆಂಚಿನಲ್ಲಿ ಸಿಹಿ ಇಲ್ಲದಿದ್ದೀತೆ? ಅಲ್ಲಿ ಚೂರನ್ನು ಕಿರಿದು ಮಾಡುವುದು, ಪಾನಕದ ಪಕ್ಕದಲ್ಲಿ ಮಜ್ಜಿಗೆಯನ್ನೂ ನೀರನ್ನೂ ಇಡುವುದು ಹಿರಿಯರ ಕೆಲಸ. ಏನನ್ನು ಇಡಬೇಕೆಂಬುದು ನಮಗೆ ಸೇರಿದ್ದು. ಎಷ್ಟನ್ನು ತೆಗೆದುಕೊಳ್ಳಬೇಕೆಂಬುದು ಅವರಿಗೆ.

ಈ ಪದ್ಧತಿಯಲ್ಲಿ ಒಂದು ನಿಜವಾದ ದೋಷವುಂಟು. ಪಂಕ್ತಿಯಲ್ಲಿ ಸಂಕೋಚದ ಮಗುವಿಗೂ ಪಾಲು ಬರುತ್ತದೆ. ಇಲ್ಲಿ ಧೈರ್ಯವಂತರು ಉಣ್ಣುತ್ತಾರೆ, ಹಿಂಜರಿಯುವವರು ಉಪವಾಸವಿರುತ್ತಾರೆ. ಆರು ವರ್ಷದ ಹುಡುಗನೊಬ್ಬ ಅಂದು ಬರಿಯ ಲೋಟವನ್ನು ಹಿಡಿದು ಗೋಡೆಗೆ ಒರಗಿಕೊಂಡು ನಿಂತಿದ್ದ. ನಾನು ಪಾನಕ ತುಂಬಿ ಕೊಡಲು ಎದ್ದೆ. ನನ್ನ ಮಡದಿ ಕಣ್ಸನ್ನೆಯಿಂದ ತಡೆದು, ಅವನನ್ನು ಹತ್ತಿರ ಕರೆದು, "ಮರೀ, ಈ ಪುಟ್ಟವರಿಗೆ ಜಗ್ಗು ಎತ್ತಲು ಬರುವುದಿಲ್ಲ. ಸ್ವಲ್ಪ ಹೊಯ್ದುಕೊಡುತ್ತೀಯಾ?" ಎಂದಳು. ಅವನು ಇಬ್ಬರಿಗೆ ಹೊಯ್ದ. ನೆಲಕ್ಕೂ ಒಂದಿಷ್ಟು ಚೆಲ್ಲಿದ. ಮೂರನೆಯ ಲೋಟವನ್ನು ತನಗೇ ತುಂಬಿಕೊಂಡ. ಆತಿಥೇಯರ ಕೆಲಸ ಕಡಮೆಯಾಗುವುದೆಂದು ನಾನು ಎಣಿಸಿದ್ದೆ. ಕೈಯ ಕೆಲಸ ಕಡಮೆಯಾಯಿತು, ನಿಜ. ಕಣ್ಣಿನ ಕೆಲಸ ಹೆಚ್ಚಿತು.

1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಶಿಶುಮಂದಿರವನ್ನು ತೆರೆದ ಮಾರಿಯಾ ಮಾಂಟೆಸರಿಯವರು ಮಕ್ಕಳ ಅಳತೆಗೆ ತಕ್ಕ ಮೇಜು ಕುರ್ಚಿಗಳನ್ನು ಮಾಡಿಸಿದರು. ನೀರು ಹೊಯ್ಯುವುದನ್ನೂ ಊಟ ಬಡಿಸುವುದನ್ನೂ ಕಲಿಕೆಯಲ್ಲಿ ಸೇರಿಸಿದರು. ನಮ್ಮ ಉಪಾಧ್ಯಾಯರು ಶಾಲೆಯ ಮುಂದಿನ ವನಭೋಜನದಲ್ಲಿ ಒಂದು ಜಗ್ಗನ್ನಾದರೂ ಮಕ್ಕಳ ಕೈಗೆ ಕೊಟ್ಟು ನೋಡಬಾರದೇಕೆ? ಒಂದಿಷ್ಟು ಪಾನಕ ಚೆಲ್ಲೀತು. ಒರೆಸುವ ಬಟ್ಟೆಯನ್ನು ಕೈಗೆಟುಕುವಲ್ಲಿ ಇಟ್ಟಿದ್ದರೆ ಅದನ್ನೂ ಅವರೇ ಒರೆಸುತ್ತಾರೆ.