ಗೋಪುರದ ಎತ್ತರ ಯಾರಿಗಾಗಿ?

ಹೊಸಪೇಟೆಯಿಂದ ಹಂಪೆಯ ದಾರಿ ಹಿಡಿದ ಯಾತ್ರಿಕನಿಗೆ ಬಹಳ ಹೊತ್ತು ಕಾಣುವುದು ಬಂಡೆಗಳು, ಬಾಳೆಯ ತೋಟಗಳು, ಮತ್ತೆ ಬಂಡೆಗಳು. ಹೇಮಕೂಟದ ಬಳಿಯ ಇಳಿಜಾರಿಗೆ ಬಂದೊಡನೆ ವಿರೂಪಾಕ್ಷನ ಪೂರ್ವಗೋಪುರ ಎದುರಿಗೆ ಎದ್ದು ನಿಲ್ಲುತ್ತದೆ. ಒಂಬತ್ತು ನೆಲೆ, ಎತ್ತರ ಸುಮಾರು ೫೦ ಮೀಟರು, ಹಳೆಯ ಲೆಕ್ಕದಲ್ಲಿ ೧೬೦ ಅಡಿ. ಬಸ್ಸಿನಲ್ಲಿ ಕುಳಿತ ಅಜ್ಜಿಯರ ಕೈಗಳು ತಾವಾಗಿಯೇ ಜೋಡುತ್ತವೆ. ಗಂಟೆಯಿಲ್ಲ, ಮಂಗಳಾರತಿಯಿಲ್ಲ, ದರ್ಶನ ಅಲ್ಲಿಂದಲೇ ಮೊದಲಾಯಿತು.

ವಿಚಿತ್ರವೆಂದರೆ, ಇಷ್ಟು ಎತ್ತರವಾಗಿರುವುದು ದೇವರ ಮನೆಯಲ್ಲ, ಅದರ ಬಾಗಿಲು. ತಂಜಾವೂರಿನಲ್ಲಿ ಕ್ರಿ.ಶ. ೧೦೧೦ರ ಸುಮಾರಿಗೆ ರಾಜರಾಜ ಚೋಳನು ಗರ್ಭಗುಡಿಯ ಮೇಲಿನ ವಿಮಾನವನ್ನೇ ೬೦ ಮೀಟರಿನಷ್ಟು ಏರಿಸಿದನು. ಬಾಗಿಲ ಗೋಪುರಗಳು ಅದರ ಮುಂದೆ ಕುಳ್ಳು. ವಿಜಯನಗರದ ಕಾಲಕ್ಕೆ ಈ ಕ್ರಮ ತಿರುಗುಮುರುಗಾಯಿತು. ವಿರೂಪಾಕ್ಷನ ಸನ್ನಿಧಿ ಸಾಮ್ರಾಜ್ಯಕ್ಕಿಂತ ಹಳೆಯದು. ಪೂಜೆಗೊಳ್ಳುತ್ತಿದ್ದ ಗರ್ಭಗುಡಿಯನ್ನು ಕೆಡವಿ ಹಿರಿದಾಗಿ ಕಟ್ಟುವ ಎದೆಗಾರಿಕೆ ಯಾವ ಅರಸನಿಗಿದ್ದೀತು? ಅವರ ಭಕ್ತಿಯೂ ಕೀರ್ತಿಯ ಹಂಬಲವೂ ಹೊರಗೋಡೆಯ ಕಡೆಗೆ ಹರಿದವು. ಕೃಷ್ಣದೇವರಾಯನು ೧೫೧೦ರಲ್ಲಿ ಪಟ್ಟಾಭಿಷೇಕದ ನೆನಪಿಗೆಂದು ಇಲ್ಲಿ ಕಟ್ಟಿಸಿದುದು ರಂಗಮಂಟಪವನ್ನು, ಒಳಗಿನ ಚಿಕ್ಕ ಗೋಪುರವನ್ನು. ಕೆಳಗೆ ಕಲ್ಲು, ಮೇಲೆ ಹಗುರವಾದ ಇಟ್ಟಿಗೆ ಗಾರೆ. ಏರಿದಂತೆ ನೆಲೆಗಳು ಕಿರಿದಾಗುವುದರಿಂದ ಗೋಪುರ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ದಕ್ಷಿಣದಲ್ಲೆಲ್ಲ ಇಂತಹವಕ್ಕೆ ರಾಯಗೋಪುರವೆಂಬ ಹೆಸರೇ ನಿಂತಿತು.

ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಿಸನು ಗುಡ್ಡವೊಂದನ್ನು ಹತ್ತಿ ನೋಡಿದನು. ನಗರ ರೋಮಿನಷ್ಟು ದೊಡ್ಡದೆನಿಸಿತು. ಬೆಟ್ಟಸಾಲುಗಳ ನಡುವೆ ಹರಡಿದ್ದುದರಿಂದ ಪೂರ್ತಿಯಾಗಿ ಮಾತ್ರ ಕಾಣಲಿಲ್ಲ. ಹೀಗೆ ಎಲ್ಲಿಂದಲೂ ಇಡಿಯಾಗಿ ಕಾಣದ ಊರಿಗೆ ಗೋಪುರಗಳೇ ಕೈಮರ. ವಿಠ್ಠಲನಿಗೊಂದು ಪೇಟೆ, ಕೃಷ್ಣನಿಗೊಂದು ಪೇಟೆ. ಯಾವ ಬೀದಿ ಯಾವ ದೇವರದೆಂಬುದನ್ನು ಕಲಶಗಳು ದೂರದಿಂದಲೇ ಹೇಳುತ್ತಿದ್ದಿರಬೇಕು.

ಆದರೆ ಕಲಶ ಕಂಡವರೆಲ್ಲ ಒಳಗೆ ಹೋಗುವಂತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ದೇವಾಲಯದ ಬಾಗಿಲೇ ಎಲ್ಲೆ. ದೂರದಿಂದ ಶಿಖರಕ್ಕೆ ಕೈಮುಗಿಯಬೇಕು, ಇಲ್ಲವೆ ರಥೋತ್ಸವದಲ್ಲಿ ದೇವರೇ ಬೀದಿಗೆ ಬರುವ ದಿನವನ್ನು ಕಾಯಬೇಕು. ಅವರಿಗೆ ಆ ಎತ್ತರ ದೇವರ ಕರುಣೆಯಾಗಿ ಕಂಡಿತೋ, ಗೋಡೆಯಾಗಿ ಕಂಡಿತೋ, ಯಾವ ಶಾಸನವೂ ಬರೆದಿಲ್ಲ. ನೆರೆಯ ಸಂಡೂರಿನ ಪುಟ್ಟ ಸಂಸ್ಥಾನವು ೧೯೩೨ರಲ್ಲಿಯೇ, ತಿರುವಾಂಕೂರಿನ ಪ್ರಸಿದ್ಧ ಘೋಷಣೆಗೆ ನಾಲ್ಕು ವರ್ಷ ಮೊದಲು, ತನ್ನ ಗುಡಿಗಳನ್ನು ಅವರಿಗೆ ತೆರೆಯಿತು. ಹಂಪೆ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು ೧೯೪೭ರಲ್ಲಿ. ಐವತ್ತು ಮೀಟರಿನ ಬಾಗಿಲನ್ನು ದಾಟಲು ಅಷ್ಟು ಕಾಲ ಹಿಡಿಯಿತು!

೧೫೬೫ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಹಲವು ಗೋಪುರಗಳ ಇಟ್ಟಿಗೆಯ ನೆಲೆಗಳು ಕಳಚಿಬಿದ್ದವು. ಪೂಜೆ ಉಳಿದ ವಿರೂಪಾಕ್ಷನ ಗೋಪುರವು ದುರಸ್ತಿಗಳನ್ನು ಕಂಡು ನಿಂತಿದೆ. ಗರ್ಭಗುಡಿಯ ಹಿಂದಣ ಕತ್ತಲೆಯ ಕೋಣೆಯಲ್ಲಿ, ಸಣ್ಣದೊಂದು ಕಿಂಡಿಯಿಂದ ಬರುವ ಬೆಳಕು ಅದೇ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ: ಕಲಶ ಕೆಳಗೆ, ಬುಡ ಮೇಲೆ, ಎತ್ತರವೆಲ್ಲ ಗೇಣುಗಳ ಲೆಕ್ಕಕ್ಕೆ ಇಳಿದಿದೆ. ಅದನ್ನು ನೆಟ್ಟಗೆ ನೋಡಬೇಕೆಂದು ಮಕ್ಕಳು ಸೊಂಟ ಬಗ್ಗಿಸಿ, ಕಾಲುಗಳ ಸಂದಿನಿಂದ ಇಣುಕುತ್ತಾರೆ.